ಮೂರು ಬಣ್ಣ, ಒಂದೇ ರುಚಿ

2012ರ ಮಾರ್ಚ್ ಕೊನೆಯಲ್ಲಿ ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಕಂಪನಿಗೆ ಸುಮಾರು 400 ಕಪ್‌ಕೇಕ್‌ಗಳು ಬಂದು ಇಳಿದವು. ಕೆಲವಕ್ಕೆ ಕೆಂಪು ಕ್ರೀಮು, ಕೆಲವಕ್ಕೆ ನೀಲಿ, ಕೆಲವಕ್ಕೆ ಹಸಿರು. ಕಚ್ಚಿ ನೋಡಿದರೆ ಎಲ್ಲವೂ ವೆನಿಲಾ. ಕಳಿಸಿದವರು ಆ ಕಂಪನಿಯ ಗೇಮುಗಳ ಅಭಿಮಾನಿಗಳು, ಚಂದಾ ಎತ್ತಿ ಕಳಿಸಿದ್ದರು. ಕಂಪನಿ ಅವನ್ನು ಊರಿನಲ್ಲೇ ಇದ್ದ ನಿರ್ಗತಿಕ ಯುವಜನರ ಆಶ್ರಯತಾಣಕ್ಕೆ ದಾಟಿಸಿತು. ಗೇಮುಗಳ ಬಗ್ಗೆ ನಾನು ಓದಿರುವ ವಿಮರ್ಶೆಗಳಲ್ಲಿ ಇಷ್ಟು ಚುಟುಕಾಗಿ, ಇಷ್ಟು ಗುರಿಯಿಟ್ಟು ಹೊಡೆದದ್ದು ಇನ್ನೊಂದಿಲ್ಲ.

ಆ ತಿಂಗಳ 6ರಂದು ‘ಮಾಸ್ ಎಫೆಕ್ಟ್ 3’ ಅಮೆರಿಕದಲ್ಲಿ ಬಿಡುಗಡೆಯಾಗಿತ್ತು. 2007ರಲ್ಲಿ ಶುರುವಾಗಿ, 2010ರಲ್ಲಿ ಎರಡನೇ ಭಾಗ ಕಂಡ ಕಥೆಯ ಕೊನೆಯ ಕಂತು ಅದು. ವಿಮರ್ಶಕರು ಹೊಗಳಿದ್ದರು. ಎಕ್ಸ್‌ಬಾಕ್ಸ್ 360ರ ಆವೃತ್ತಿಗೆ ಮೆಟಾಕ್ರಿಟಿಕ್ ಲೆಕ್ಕದಲ್ಲಿ ಬಂದ ಸರಾಸರಿ ಅಂಕ ನೂರಕ್ಕೆ 93. ಆಟಗಾರರು ಕೊಟ್ಟ ಅಂಕ ಅದರ ಹತ್ತಿರಕ್ಕೂ ಸುಳಿಯಲಿಲ್ಲ. ವಿಚಿತ್ರವೆಂದರೆ ಅವರ ತಕರಾರು ಇಡೀ ಗೇಮಿನ ಮೇಲಲ್ಲ. ಹತ್ತಾರು ಗಂಟೆ ಮೈಮರೆತು ಆಡಿದವರೇ ಕೊನೆಯ ಹತ್ತು ನಿಮಿಷಕ್ಕೆ ಕೆರಳಿದ್ದರು. ಒಬ್ಬ ಆಟಗಾರ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೇ ದೂರು ಕೊಟ್ಟ. ಗ್ರಾಹಕರ ಹಿತ ಕಾಯುವ ಬೆಟರ್ ಬಿಸಿನೆಸ್ ಬ್ಯೂರೋದ ಒಂದು ಶಾಖೆಯವರು, ಜಾಹೀರಾತಿನಲ್ಲಿ ಹೇಳಿದ್ದಕ್ಕೂ ಗೇಮಿನಲ್ಲಿ ಸಿಕ್ಕಿದ್ದಕ್ಕೂ ತಾಳೆಯಾಗುತ್ತಿಲ್ಲ ಎಂದು ಬರೆದರು.

ಹೊರಗಿನಿಂದ ನೋಡಿದವರಿಗೆ ಇದು ಶುದ್ಧ ಹುಚ್ಚಾಟ. ಸಿನಿಮಾದ ಕ್ಲೈಮ್ಯಾಕ್ಸ್ ಹಿಡಿಸದಿದ್ದರೆ ಬೈದುಕೊಂಡು ಮನೆಗೆ ಹೋಗುತ್ತೇವೆ. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರುಗಳೇ ಎಂದು ಕರೆದ ನಾಡು ನಮ್ಮದು. ಇಲ್ಲಿಯ ದೇವರುಗಳು ಕೂಡ ಸರ್ಕಾರಿ ಕಚೇರಿಗೆ ಅರ್ಜಿ ಹಾಕಿ ಬೇರೆ ಅಂತ್ಯ ಕೇಳಿದ್ದನ್ನು ನಾನು ಕಾಣೆ. ಹಾಗಾದರೆ ಇವರಿಗೆ ಆ ಹಕ್ಕು ಎಲ್ಲಿಂದ ಬಂತು? ಬಯೋವೇರ್‌ನವರೇ ಕೊಟ್ಟಿದ್ದರು ಎನ್ನುವುದು ನನ್ನ ವಾದ. ಬರೀ ಬಾಯಿಮಾತಿನಲ್ಲಿ ಕೊಟ್ಟಿದ್ದರೆ ಮರೆತುಹೋಗುತ್ತಿತ್ತೇನೋ, ಐದು ವರ್ಷ ಲೆಕ್ಕ ಬರೆದಿಟ್ಟು ಕೊಟ್ಟಿದ್ದರು.

ಕಥೆಯ ನಾಯಕಪಾತ್ರ ಕಮಾಂಡರ್ ಶೆಪರ್ಡ್. ಗಂಡೋ ಹೆಣ್ಣೋ, ಮುಖ ಹೇಗಿರಬೇಕು, ಹಿಂದಿನ ಬದುಕು ಏನು ಎಂಬುದೆಲ್ಲ ಆಟಗಾರರ ಆಯ್ಕೆ. (ನನ್ನ ಶೆಪರ್ಡ್ ಹೆಣ್ಣು. ಆ ಪಾತ್ರಕ್ಕೆ ದನಿ ಕೊಟ್ಟ ಜೆನಿಫರ್ ಹೇಲ್ ಅವರ ಮಾತು ಒಮ್ಮೆ ಕೇಳಿದರೆ ನಿಮಗೂ ಹಾಗೇ ಆದೀತು.) ಪ್ರತಿ 50,000 ವರ್ಷಕ್ಕೊಮ್ಮೆ ಬಂದು ನಮ್ಮ ಗ್ಯಾಲಕ್ಸಿಯ ಮುಂದುವರಿದ ನಾಗರಿಕತೆಗಳನ್ನೆಲ್ಲ ಕಟಾವು ಮಾಡಿಕೊಂಡು ಹೋಗುವ ರೀಪರ್‌ಗಳೆಂಬ ದೈತ್ಯಯಂತ್ರಗಳನ್ನು ತಡೆಯುವುದು ಅವಳ ಕೆಲಸ. ಇಷ್ಟೇ ಆಗಿದ್ದರೆ ಇದು ಹತ್ತರಲ್ಲಿ ಹನ್ನೊಂದನೆಯ ಬಾಹ್ಯಾಕಾಶದ ಕಥೆ. ವಿಶೇಷ ಇದ್ದದ್ದು ಸೇವ್ ಫೈಲಿನಲ್ಲಿ. ಮೊದಲ ಭಾಗ ಆಡಿ ಮುಗಿಸಿದಾಗ ಉಳಿಯುವ ಫೈಲನ್ನು ಎರಡನೇ ಭಾಗಕ್ಕೆ, ಅಲ್ಲಿಂದ ಮೂರನೆಯದಕ್ಕೆ ಒಯ್ಯಬಹುದಿತ್ತು. ನೀವು ಯಾರನ್ನು ಉಳಿಸಿದಿರಿ, ಯಾರಿಗೆ ಕೈಕೊಟ್ಟಿರಿ, ಯಾರನ್ನು ಪ್ರೀತಿಸಿದಿರಿ ಎಂಬುದೆಲ್ಲ ಅದರಲ್ಲಿ ದಾಖಲು.

ಒಂದೇ ಉದಾಹರಣೆ ಸಾಕು. ಕ್ರೋಗನ್ ಎಂಬ ಯೋಧರ ಕುಲಕ್ಕೆ, ಅವರ ಸಂಖ್ಯೆ ಬೆಳೆಯದಂತೆ, ಹಿಂದೊಮ್ಮೆ ಸಲೇರಿಯನ್ ಎಂಬ ಇನ್ನೊಂದು ಕುಲದ ವಿಜ್ಞಾನಿಗಳು ರೂಪಿಸಿದ ಜೀನೋಫೇಜ್ ಎಂಬ ರೋಗ ಅಂಟಿಸಲಾಗಿದೆ. ಸಾವಿರ ಬಸುರಿನಲ್ಲಿ ಒಂದು ಮಗು ಉಳಿದರೆ ಹೆಚ್ಚು. ಮೊದಲ ಭಾಗದಲ್ಲಿ ಶೆಪರ್ಡ್‌ಳ ತಂಡದಲ್ಲಿರುವ ರೆಕ್ಸ್ ಅದೇ ಕುಲದವನು. ವೈರಿಯ ನೆಲೆಯಲ್ಲಿ ಆ ರೋಗಕ್ಕೆ ಮದ್ದು ಇದೆ, ಆದರೆ ನಾವು ಆ ನೆಲೆಯನ್ನೇ ಉಡಾಯಿಸಬೇಕು ಎಂದು ಗೊತ್ತಾದಾಗ ಕಡಲದಂಡೆಯಲ್ಲಿ ಅವನು ಬಂದೂಕು ಎತ್ತುತ್ತಾನೆ. ಮಾತಿನಲ್ಲಿ ಒಲಿಸಿಕೊಂಡರೆ ಬದುಕುತ್ತಾನೆ, ಇಲ್ಲವಾದರೆ ಅಲ್ಲೇ ಸಾಯುತ್ತಾನೆ. ಇದು 2007ರ ಮಾತು. 2012ರಲ್ಲಿ, ಮೂರನೇ ಭಾಗದಲ್ಲಿ, ಮದ್ದು ಕೊನೆಗೂ ತಯಾರಾಗಿದೆ. ಅದನ್ನು ಗಾಳಿಗೆ ಬಿಡಲು ಉರಿಯುವ ಗೋಪುರ ಏರುವವನು ಮಾರ್ಡಿನ್ ಎಂಬ ಸಲೇರಿಯನ್ ವಿಜ್ಞಾನಿ, ಒಂದು ಕಾಲಕ್ಕೆ ಆ ರೋಗವನ್ನು ಇನ್ನಷ್ಟು ಬಿಗಿಮಾಡಿದ್ದವನು. ತನ್ನ ಪಾಪ ತಾನೇ ತೊಳೆಯಬೇಕೆಂದು ಹಟ ಹಿಡಿದು ಹಾಡು ಗುನುಗುತ್ತ ಹೋಗಿ ಸಾಯುತ್ತಾನೆ. ಆದರೆ ರೆಕ್ಸ್ ಮೊದಲೇ ಸತ್ತು ಅವನ ಜಾಗದಲ್ಲಿ ರೀವ್ ಎಂಬ ಮುಂಗೋಪಿ ನಾಯಕನಾಗಿದ್ದರೆ, ಎರಡನೇ ಭಾಗದಲ್ಲಿ ಮದ್ದಿನ ಸಂಶೋಧನೆಯ ದಾಖಲೆಯನ್ನು ನೀವು ನಾಶಮಾಡಿದ್ದರೆ, ಈ ಕುಲಕ್ಕೆ ಮದ್ದು ಕೊಡುವುದು ಅಪಾಯ ಎಂದು ಮಾರ್ಡಿನ್‌ನನ್ನು ಒಪ್ಪಿಸಬಹುದು. ಆಗ ಅವನು ಬದುಕುತ್ತಾನೆ, ಕ್ರೋಗನ್ ಕುಲ ಹಾಳಾಗುತ್ತದೆ. ರೆಕ್ಸ್ ಬದುಕಿದ್ದೂ ಮದ್ದು ಕೆಲಸ ಮಾಡದಂತೆ ನೀವು ಕಳ್ಳಾಟ ಆಡಿದರೆ, ಕೆಲವು ಗಂಟೆಗಳ ಬಳಿಕ ಅವನಿಗೆ ಗೊತ್ತಾಗುತ್ತದೆ. ಕೇಳಲು ಬರುತ್ತಾನೆ. ಐದು ವರ್ಷದ ಗೆಳೆಯನನ್ನು ನೀವು ಗುಂಡಿಟ್ಟು ಕೊಲ್ಲಬೇಕಾಗುತ್ತದೆ.

ಮೂರು ಪೆಟ್ಟಿಗೆಗಳಲ್ಲಿ, ಐದು ವರ್ಷಗಳ ಅಂತರದಲ್ಲಿ ಮಾರಾಟವಾದ ಗೇಮುಗಳಲ್ಲಿ ಇಂಥ ಸರಪಳಿ ಕಟ್ಟಿದ್ದು ಸಣ್ಣ ಸಾಧನೆಯಲ್ಲ. ಅಭಿಮಾನಿಗಳ ಸಿಟ್ಟನ್ನು ಹಂಗಿಸುವ ಅನೇಕರು ಈ ಭಾಗವನ್ನು ಬಿಟ್ಟೇ ಮಾತಾಡುತ್ತಾರೆ. ಇದನ್ನು ಆಡಿದವರಿಗೆ ಕಥೆ ತಮ್ಮದು ಅನ್ನಿಸದೆ ಇರುವುದು ಹೇಗೆ?

ಆದರೆ ಇದರ ಹಿಂದೆ ಒಂದು ಗಣಿತ ಕೂತಿದೆ, ಅದು ಯಾರ ಮುಲಾಜಿಗೂ ಒಳಗಾಗುವುದಿಲ್ಲ. ಎರಡೆರಡು ಆಯ್ಕೆಗಳಿರುವ ಹತ್ತು ತೀರ್ಮಾನಗಳು ಸೇರಿದರೆ 1,024 ಬೇರೆ ಬೇರೆ ಸ್ಥಿತಿಗಳಾಗುತ್ತವೆ. ಇಪ್ಪತ್ತು ಸೇರಿದರೆ ಹತ್ತು ಲಕ್ಷ ದಾಟುತ್ತದೆ. ಒಂದೊಂದಕ್ಕೂ ದೃಶ್ಯ ಬರೆದು, ಗಂಡು ಶೆಪರ್ಡ್‌ಗೆ ಮಾರ್ಕ್ ಮೀರ್, ಹೆಣ್ಣು ಶೆಪರ್ಡ್‌ಗೆ ಹೇಲ್ ಎಂದು ಎರಡೆರಡು ಸಲ ದನಿ ಹಿಡಿದು, ಅನಿಮೇಶನ್ ಮಾಡಿ ಮುಗಿಸುವುದು ಯಾವ ಕಂಪನಿಗೂ ಆಗದ ಮಾತು. ಹಾಗಾಗಿ ಡೆವಲಪರ್‌ಗಳು ಕಥೆಯನ್ನು ಕವಲಾಗಿಸಿ, ಸ್ವಲ್ಪ ದೂರ ಹೋಗಲು ಬಿಟ್ಟು, ಮತ್ತೆ ಒಂದೇ ದಾರಿಗೆ ಸೇರಿಸುತ್ತಾರೆ. ಮಾರ್ಡಿನ್ ಎರಡನೇ ಭಾಗದಲ್ಲೇ ಸತ್ತಿದ್ದರೆ ಆ ಜಾಗಕ್ಕೆ ಪಾಡಾಕ್ ವಿಕ್ಸ್ ಎಂಬ ಇನ್ನೊಬ್ಬ ಸಲೇರಿಯನ್ ಹಾಜರು. ರಾಕ್ನಿ ಎಂಬ ಕೀಟಕುಲದ ರಾಣಿಯನ್ನು ಮೊದಲ ಭಾಗದಲ್ಲಿ ನೀವು ಕೊಂದೇ ಇದ್ದರೂ ಮೂರನೆಯದರಲ್ಲಿ ರೀಪರ್‌ಗಳು ತಯಾರಿಸಿದ ಮತ್ತೊಬ್ಬಳು ರಾಣಿ ಎದುರಾಗುತ್ತಾಳೆ. ಗ್ಯಾಲಕ್ಸಿಯ ಮಂಡಲಿಗೆ ಮನುಷ್ಯರ ಪ್ರತಿನಿಧಿಯಾಗಿ ನೀವು ಆ್ಯಂಡರ್ಸನ್‌ನನ್ನು ಆರಿಸಿದ್ದರೂ, ಮೂರನೇ ಭಾಗ ಶುರುವಾಗುವ ಹೊತ್ತಿಗೆ ಆ ಕುರ್ಚಿಯಲ್ಲಿ ನೀವು ಬೇಡವೆಂದಿದ್ದ ಉಡೀನ ಕೂತಿರುತ್ತಾನೆ. ಗಮನವಿಟ್ಟು ಆಡಿದವರು ಇದನ್ನೆಲ್ಲ ಕಂಡಿದ್ದರು, ಕ್ಷಮಿಸಿಯೂ ಇದ್ದರು.

ಇಲ್ಲಿ ನನಗೆ ತಾಳಮದ್ದಳೆ ನೆನಪಾಗುತ್ತದೆ. ಅರ್ಥಧಾರಿಗೆ ಅಲ್ಲಿ ಇರುವ ಸ್ವಾತಂತ್ರ್ಯ ಅಪಾರ. ಕರ್ಣನ ಅರ್ಥ ಹೇಳುವವನು ಕೃಷ್ಣನನ್ನೇ ನಿರುತ್ತರ ಮಾಡಬಹುದು, ಧರ್ಮದ ಬುಡವನ್ನೇ ಅಲ್ಲಾಡಿಸಬಹುದು. ಆದರೂ ಬೆಳಗಾಗುವುದರೊಳಗೆ ಕರ್ಣ ಸಾಯಲೇಬೇಕು, ಪ್ರಸಂಗದ ಪದ್ಯ ಅಲ್ಲಿಗೇ ಒಯ್ಯುತ್ತದೆ. ಕೇಳುವವರು ಯಾರೂ ಮೋಸಹೋದೆವು ಅನ್ನುವುದಿಲ್ಲ, ಯಾಕೆಂದರೆ ಸ್ವಾತಂತ್ರ್ಯ ಎಲ್ಲಿಯವರೆಗೆ ಎಂಬುದು ವೇದಿಕೆಯಿಂದ ಸಭೆಯ ಕೊನೆಯ ಸಾಲಿನವರೆಗೆ ಎಲ್ಲರಿಗೂ ಗೊತ್ತು. ಬಯೋವೇರ್ ಕಟ್ಟಿದ್ದೂ ಹೆಚ್ಚುಕಡಿಮೆ ಅಂಥದ್ದೇ ಆಟ. ಹೇಳಿದ್ದು ಮಾತ್ರ ಬೇರೆ. ಬಿಡುಗಡೆಗೆ ಮುನ್ನ ನಿರ್ದೇಶಕ ಕೇಸಿ ಹಡ್ಸನ್ ಸಂದರ್ಶನಗಳಲ್ಲಿ, ಅಂತ್ಯ ಎ, ಅಂತ್ಯ ಬಿ, ಅಂತ್ಯ ಸಿ ಎಂದು ಎಣಿಸುವಂಥ ಹಳೆಯ ಮಾದರಿಯ ಗೇಮು ಇದಲ್ಲ ಎಂಬರ್ಥದ ಮಾತಾಡಿದ್ದರು.

ಕೊನೆಗೆ ಬಂದದ್ದು ಎ, ಬಿ, ಸಿ.

ಗಾಯಗೊಂಡ ಶೆಪರ್ಡ್ ಸಿಟಾಡೆಲ್ ಎಂಬ ಬಾಹ್ಯಾಕಾಶ ನಿಲ್ದಾಣದ ತುದಿ ತಲುಪಿದಾಗ, ಮಗುವಿನ ರೂಪದ ಒಂದು ಕೃತಕ ಬುದ್ಧಿ ಪ್ರತ್ಯಕ್ಷವಾಗುತ್ತದೆ. ರೀಪರ್‌ಗಳನ್ನು ನಡೆಸುವುದು ತಾನೇ ಎನ್ನುತ್ತದೆ. ಜೀವಿಗಳು ಯಂತ್ರಗಳನ್ನು ಸೃಷ್ಟಿಸುತ್ತವೆ, ಯಂತ್ರಗಳು ಎಂದಾದರೂ ಸೃಷ್ಟಿಸಿದವರನ್ನೇ ಮುಗಿಸುತ್ತವೆ, ಅದನ್ನು ತಪ್ಪಿಸಲೆಂದೇ ಈ ಕಟಾವು ಎಂದು ವಾದಿಸುತ್ತದೆ. ಆಮೇಲೆ ಮೂರು ದಾರಿ ತೋರಿಸುತ್ತದೆ: ಯಂತ್ರಜೀವಿಗಳನ್ನೆಲ್ಲ ನಾಶಮಾಡು, ಇಲ್ಲವೇ ರೀಪರ್‌ಗಳನ್ನು ನಿನ್ನ ಹತೋಟಿಗೆ ತೆಗೆದುಕೋ, ಅದೂ ಬೇಡವಾದರೆ ಜೀವವನ್ನೂ ಯಂತ್ರವನ್ನೂ ಬೆಸೆದುಬಿಡು. ಆರಿಸಿದ್ದಕ್ಕೆ ತಕ್ಕಂತೆ ಕೆಂಪು, ನೀಲಿ ಅಥವಾ ಹಸಿರು ಬೆಳಕು ಗ್ಯಾಲಕ್ಸಿಯನ್ನು ತುಂಬುತ್ತದೆ. ಉಳಿದ ದೃಶ್ಯ ಬಹುಪಾಲು ಅದೇ.

ಬಣ್ಣದ ತಕರಾರು ಎಲ್ಲರ ಬಾಯಲ್ಲೂ ಬಂತು, ಆದರೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ತಪ್ಪು ಬೇರೆಡೆ ಇದೆ. ಅದೇ ಗೇಮಿನಲ್ಲಿ, ಕೆಲವೇ ಗಂಟೆಗಳ ಹಿಂದೆ, ಗೆತ್ ಎಂಬ ಯಂತ್ರಜೀವಿಗಳಿಗೂ ಅವನ್ನು ಸೃಷ್ಟಿಸಿದ ಕ್ವೇರಿಯನ್ನರಿಗೂ ನಡುವೆ ಮೂರು ಶತಮಾನಗಳ ಹಗೆ ಮುಗಿಸಿ ಸಂಧಿ ಮಾಡಿಸಬಹುದು. ಅದು ಸುಲಭವಾಗಿ ಸಿಗುವ ಫಲವೂ ಅಲ್ಲ, ಹಿಂದಿನ ಭಾಗದಿಂದಲೇ ಸರಿಯಾದ ಹೆಜ್ಜೆ ಇಟ್ಟುಬಂದವರಿಗೆ ಮಾತ್ರ. ಹಾಗೆ ಸಂಧಿ ಮಾಡಿಸಿ ಬಂದ ಶೆಪರ್ಡ್‌ಳ ಮುಂದೆ ನಿಂತು ಈ ಮಗು, ಜೀವಿಗೂ ಯಂತ್ರಕ್ಕೂ ಎಂದೂ ಹೊಂದುವುದಿಲ್ಲ ಎನ್ನುತ್ತದೆ. ‘ಮಗೂ, ಕೆಳಗೆ ಬಗ್ಗಿ ನೋಡು, ಅವರಿಬ್ಬರೂ ನನ್ನ ಸೈನ್ಯದಲ್ಲಿ ಭುಜಕ್ಕೆ ಭುಜ ಕೊಟ್ಟು ಕಾದುತ್ತಿದ್ದಾರೆ’ ಎಂದು ಹೇಳಲು ಅವಳಿಗೆ ಒಂದು ಸಾಲನ್ನೂ ಬರೆದಿರಲಿಲ್ಲ. ಮೂರು ಗೇಮುಗಳ ಉದ್ದಕ್ಕೂ ವಾದ ಮಾಡಿ, ಗದರಿಸಿ, ಒಲಿಸಿ ಗೆದ್ದವಳು ಕೊನೆಯ ವಾದದಲ್ಲಿ ತಲೆಯಾಡಿಸಿ ಬಟನ್ ಹುಡುಕಿಕೊಂಡು ಹೋಗುತ್ತಾಳೆ.

ಕಥೆಯ ಒಳಗಿನ ತರ್ಕವೂ ಕೈಕೊಟ್ಟಿತ್ತು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಲು ನೆರವಾಗುವ ಮಾಸ್ ರಿಲೇ ಒಂದು ಒಡೆದರೆ ಸುತ್ತಲಿನ ಇಡೀ ಸೌರವ್ಯೂಹ ಭಸ್ಮವಾಗುತ್ತದೆ ಎಂದು 2011ರಲ್ಲಿ ಬಯೋವೇರ್ ತಾನೇ ಮಾರಿದ ‘ಅರೈವಲ್’ ಎಂಬ ಹೆಚ್ಚುವರಿ ಕಂತು ತೋರಿಸಿತ್ತು. ಅಲ್ಲಿ ಸತ್ತವರು ಮೂರು ಲಕ್ಷ ಮಂದಿ. ಈಗ ಮೂರೂ ಅಂತ್ಯಗಳಲ್ಲಿ ಎಲ್ಲ ರಿಲೇಗಳೂ ಒಡೆದವು. ಹಾಗಾದರೆ ಶೆಪರ್ಡ್ ಉಳಿಸಿದ್ದು ಯಾರನ್ನು? ಭೂಮಿಯಲ್ಲಿ ಅವಳ ಪಕ್ಕದಲ್ಲೇ ಓಡುತ್ತಿದ್ದ ಸಂಗಾತಿಗಳು, ಓಡಿಹೋಗುತ್ತಿದ್ದ ಅವಳ ನೌಕೆ ನಾರ್ಮಂಡಿಯಿಂದ ಯಾವುದೋ ಕಾಡುಗ್ರಹದ ಮೇಲೆ ಇಳಿಯುತ್ತಾರೆ. ಅವರು ಅಲ್ಲಿಗೆ ಹೇಗೆ ಹೋದರು? ಉತ್ತರವಿಲ್ಲ. ಚಂದ್ರನ ಮೇಲೆ ನಡೆದ ಬಜ್ ಆಲ್ಡ್ರಿನ್ ಅವರೇ ದನಿ ಕೊಟ್ಟ ಒಂದು ಪುಟ್ಟ ದೃಶ್ಯ ಆದಮೇಲೆ ತೆರೆಯ ಮೇಲೆ ಒಂದು ಸೂಚನೆ ಬರುತ್ತಿತ್ತು: ಶೆಪರ್ಡ್ ದಂತಕಥೆಯಾದರು, ಇನ್ನಷ್ಟು ಆಡುತ್ತ, ಹೆಚ್ಚುವರಿ ಕಂತುಗಳನ್ನು ಇಳಿಸಿಕೊಳ್ಳುತ್ತ ಆ ದಂತಕಥೆ ಬೆಳೆಸಿ ಎಂಬ ಸಾರಾಂಶ. ಸೂತಕದ ಮನೆಯಲ್ಲಿ ವಿಮೆ ಏಜೆಂಟ್ ಚೀಟಿ ಹಂಚಿದರೆ ಬರುವಷ್ಟು ಸಿಟ್ಟು ಬಂತು ಜನಕ್ಕೆ.

ಆ ಸಿಟ್ಟು ಹರಿದ ದಾರಿಗಳು ಹಲವು. ‘ರೀಟೇಕ್ ಮಾಸ್ ಎಫೆಕ್ಟ್’ ಎಂಬ ಹೆಸರಿನಲ್ಲಿ ಒಂದಾದವರು ಆಸ್ಪತ್ರೆಯ ಮಕ್ಕಳಿಗೆ ಆಟಿಕೆ, ಗೇಮು ಕೊಡಿಸುವ ಚೈಲ್ಡ್ಸ್ ಪ್ಲೇ ಸಂಸ್ಥೆಗೆ 80,000 ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ನಾವು ಬರೀ ಕೂಗಾಡುವ ಗುಂಪಲ್ಲ ಎಂದು ತೋರಿಸುವ ಉಪಾಯ ಅದು. ಎಷ್ಟು ಹಣ ಸೇರಿದರೆ ಹೊಸ ಅಂತ್ಯ ಸಿಗುತ್ತದೆ ಎಂದು ದಾನಿಗಳು ಸಂಸ್ಥೆಯನ್ನೇ ಕೇಳತೊಡಗಿದಾಗ ಸಂಸ್ಥೆಯವರು ಗಾಬರಿಯಾಗಿ ನಿಲ್ಲಿಸಿ ಎಂದರು. ಇನ್ನು ಕೆಲವರು ಕೊನೆಯ ದೃಶ್ಯಗಳೆಲ್ಲ ರೀಪರ್‌ಗಳು ಶೆಪರ್ಡ್‌ಳ ತಲೆಯೊಳಗೆ ಹುಟ್ಟಿಸಿದ ಭ್ರಮೆ ಎಂದು ಸಾಧಿಸಲು ನೆರಳು, ಬೆಳಕು, ಮರದ ಎಲೆ ಎಲ್ಲವನ್ನೂ ಸಾಕ್ಷಿಗೆ ಕರೆದರು. ‘ಇಂಡಾಕ್ಟ್ರಿನೇಶನ್ ಥಿಯರಿ’ ಎನ್ನುತ್ತಾರೆ ಅದಕ್ಕೆ. ನಿಜವಾದ ಅಂತ್ಯಕ್ಕಿಂತ ಅದೇ ಹೆಚ್ಚು ಅಚ್ಚುಕಟ್ಟಾಗಿತ್ತು ಎಂಬುದನ್ನು ವಿರೋಧಿಗಳೂ ಒಪ್ಪುತ್ತಾರೆ. ಕೊನೆಯಲ್ಲಿ ಎದುರಾಗುವ ಒಬ್ಬ ಬಡಪಾಯಿ ಶತ್ರುಸೈನಿಕನಿಗೆ ‘ಮರಾಡರ್ ಶೀಲ್ಡ್ಸ್’ ಎಂದು ಹೆಸರಿಟ್ಟು, ಈ ಅಂತ್ಯ ನೋಡದಂತೆ ನಮ್ಮನ್ನು ತಡೆಯಲು ಪ್ರಾಣ ಕೊಟ್ಟ ವೀರ ಎಂದು ಹಾಡಿ ಹೊಗಳಿದರು. ಪ್ರಕಾಶಕ ಸಂಸ್ಥೆ ಇಎಯನ್ನು ‘ಕನ್ಸ್ಯೂಮರಿಸ್ಟ್’ ಎಂಬ ಗ್ರಾಹಕ ಜಾಲತಾಣದ ಓದುಗರು ಅಮೆರಿಕದ ಅತಿ ಕೆಟ್ಟ ಕಂಪನಿ ಎಂದು ಆರಿಸಿದರು, ಅದೂ ಬ್ಯಾಂಕ್ ಆಫ್ ಅಮೆರಿಕವನ್ನು ಹಿಂದಿಕ್ಕಿ. ಬ್ಯಾಂಕು ಸಾಲದ ಬಿಕ್ಕಟ್ಟಿನಲ್ಲಿ ಮನೆ ಕಳೆದುಕೊಂಡವರು ಇನ್ನೂ ಬೀದಿಯಲ್ಲಿದ್ದ ಕಾಲದಲ್ಲಿ!

ನಗುವಂತಿಲ್ಲದ ಮುಖವೂ ಇತ್ತು. ಗೇಮು ಬರುವ ಮೊದಲೇ, ಫೆಬ್ರವರಿಯಲ್ಲಿ, ಬಯೋವೇರ್‌ನ ಬರಹಗಾರ್ತಿಯೊಬ್ಬರ ಮೇಲೆ ಹೊಲಸು ಬೈಗುಳದ ದಾಳಿ ನಡೆದಿತ್ತು. ಕಾದಾಟ ಬಿಟ್ಟು ನೇರ ಕಥೆಗೆ ಹೋಗುವ ಬಟನ್ ಇದ್ದರೆ ಚೆನ್ನ ಎಂದು 2006ರ ಸಂದರ್ಶನವೊಂದರಲ್ಲಿ ಹೇಳಿದ್ದೇ ಅವರ ಅಪರಾಧ. ಕಪ್‌ಕೇಕ್ ಕಳಿಸಿದವರೂ ಇವರೂ ಒಂದೇ ಅಲ್ಲ. ಆದರೆ ಎರಡೂ ಗುಂಪು ತಮ್ಮನ್ನು ಅಭಿಮಾನಿಗಳೆಂದೇ ಕರೆದುಕೊಂಡವು, ಕಂಪನಿಯ ಒಳಗೆ ಕೂತವರಿಗೆ ಎರಡೂ ಸದ್ದು ಒಟ್ಟಿಗೇ ಕೇಳಿಸುತ್ತಿತ್ತು.

ಮಾರ್ಚ್ 21ರಂದು ಬಯೋವೇರ್ ಸ್ಥಾಪಕರಲ್ಲಿ ಒಬ್ಬರಾದ ರೇ ಮುಝಿಕಾ ಬಹಿರಂಗ ಪತ್ರ ಬರೆದರು. ಓದಿನಲ್ಲಿ ಅವರು ವೈದ್ಯರು, ಪತ್ರದಲ್ಲೂ ರೋಗಿಯ ಕೈಹಿಡಿದು ಮಾತಾಡುವ ದನಿ ಇತ್ತು. ಆಟಗಾರರಿಗೆ ಕಥೆಯ ಮೇಲೆ ಇಷ್ಟೊಂದು ಹಿಡಿತ, ಇಷ್ಟೊಂದು ಒಡೆತನ ಕೊಟ್ಟಿದ್ದರಿಂದ ಅವರ ಭಾವನೆಗಳನ್ನು ಮೊದಲೇ ಊಹಿಸಲು ಆಗಲಿಲ್ಲ ಎಂದು ಒಪ್ಪಿಕೊಂಡರು. ಜೊತೆಗೇ ಗೇಮು ಒಂದು ಕಲೆ, ಕಲಾವಿದರ ನಿಷ್ಠೆಗೆ ಭಂಗ ಬರದಂತೆ ಏನು ಮಾಡಬಹುದೆಂದು ನೋಡುತ್ತೇವೆ ಎಂದರು. ಈ ಎರಡನೇ ಮಾತನ್ನು ಹಿಡಿದು ಆಮೇಲೆ ಬೇಕಾದಷ್ಟು ಚರ್ಚೆ ನಡೆಯಿತು. ನಾನು ಕಲೆಯ ಪಕ್ಷದವನೇ. ಆದರೆ ಕಥೆಯ ಬೇರಿಗೇ ಸೇರಿದ, 50,000 ವರ್ಷ ಹಿಂದೆ ಅಳಿದ ಪ್ರೋಥಿಯನ್ ಕುಲದ ಕೊನೆಯವನಾದ ಜಾವಿಕ್ ಪಾತ್ರವನ್ನು ಬಿಡುಗಡೆಯ ದಿನವೇ ಪ್ರತ್ಯೇಕವಾಗಿ 10 ಡಾಲರಿಗೆ ಮಾರಿದ ಕಂಪನಿ, ಕಲಾಕೃತಿಯನ್ನು ಮುಟ್ಟಬೇಡಿ ಎಂದಾಗ ಕೇಳುವ ಕಿವಿಗೆ ಸ್ವಲ್ಪ ಕಷ್ಟವಾಗುತ್ತದೆ.

ಅಭಿಮಾನಿಗಳ ಒತ್ತಡಕ್ಕೆ ಲೇಖಕರು ಮಣಿದದ್ದು ಹೊಸದೇನಲ್ಲ. 1893ರಲ್ಲಿ ಜಲಪಾತಕ್ಕೆ ತಳ್ಳಿದ ಷರ್ಲಾಕ್ ಹೋಮ್ಸ್‌ನನ್ನು ಕಾನನ್ ಡಾಯ್ಲ್ ಹತ್ತು ವರ್ಷಗಳ ಬಳಿಕ ಬದುಕಿಸಿಕೊಂಡು ಬಂದರು. ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಹೋಮ್ಸ್ ಓದುಗ ಎಷ್ಟೇ ಪ್ರೀತಿಸಿದರೂ ಕಥೆಯಲ್ಲಿ ಒಂದು ಬಾಗಿಲನ್ನೂ ತೆರೆದವನಲ್ಲ. ಮಾಸ್ ಎಫೆಕ್ಟ್ ಆಡಿದವರು ರೆಕ್ಸ್‌ನನ್ನು ಕೊಂದವರು ಅಥವಾ ಉಳಿಸಿದವರು.

ಜೂನ್ 26ರಂದು ‘ಎಕ್ಸ್‌ಟೆಂಡೆಡ್ ಕಟ್’ ಎಂಬ ಪರಿಷ್ಕೃತ ಅಂತ್ಯ ಉಚಿತವಾಗಿ ಬಂತು. ಮೂರು ದಾರಿಗಳು ಹಾಗೇ ಉಳಿದವು. ರಿಲೇಗಳು ಪುಡಿಯಾಗುವ ಬದಲು ಹಾಳಾದವು, ದುರಸ್ತಿ ಸಾಧ್ಯವಾಯಿತು. ಸಂಗಾತಿಗಳು ನೌಕೆ ಹತ್ತುವ ದೃಶ್ಯ ಸೇರಿತು. ನೀವು ಉಳಿಸಿದ ಕುಲಗಳು, ಗೆಳೆಯರು ಆಮೇಲೆ ಏನಾದರು ಎಂಬ ಚಿತ್ರಗಳು ಬಂದವು. ನಾಲ್ಕನೇ ದಾರಿಯೂ ಒಂದು ಸೇರಿತು: ಮಗುವಿನ ಮಾತನ್ನೇ ತಿರಸ್ಕರಿಸಬಹುದು, ಇಲ್ಲವೇ ಅದಕ್ಕೆ ಗುಂಡು ಹೊಡೆಯಬಹುದು. ಹೊಡೆದರೆ ಅದರ ದನಿ ರಾಕ್ಷಸನದಾಗಿ ಬದಲಾಗುತ್ತದೆ, ಕಟಾವು ನಡೆಯುತ್ತದೆ, ಎಲ್ಲರೂ ಸಾಯುತ್ತಾರೆ. ಅಭಿಮಾನಿಗಳು ಕೇಳಿದ್ದನ್ನು ಕೊಟ್ಟು, ಕೇಳಿದ್ದಕ್ಕೆ ಒಂದು ಏಟನ್ನೂ ಕೊಟ್ಟ ಹಾಗಿದೆ ಅದು. ಬಯೋವೇರ್‌ನಲ್ಲಿ ಯಾರೋ ಒಬ್ಬರು ಅದನ್ನು ಬರೆಯುವಾಗ ಮುಸಿಮುಸಿ ನಕ್ಕಿರಬೇಕು ಎಂಬುದು ನನ್ನ ಅನುಮಾನ. ನಕ್ಕಿದ್ದರೆ ತಪ್ಪಿಲ್ಲ.

ಕಂಪನಿ ಮಣಿದದ್ದು ಸರಿಯೇ? ಸರಿ ಎನ್ನುತ್ತೇನೆ. ಅವರು ತೀರ್ಪು ಬದಲಿಸಲಿಲ್ಲ, ಬಾಕಿ ಉಳಿಸಿದ್ದ ಉತ್ತರ ಕೊಟ್ಟರು. ಜನಕ್ಕೆ ಬೇಕಿದ್ದದ್ದು ಶೆಪರ್ಡ್ ಬದುಕಿ ಬರುವ ಸುಖಾಂತವೇ ಆಗಿರಲಿಲ್ಲ ಎಂಬುದಕ್ಕೆ 2013ರ ಮಾರ್ಚ್‌ನಲ್ಲಿ ಬಂದ ‘ಸಿಟಾಡೆಲ್’ ಕಂತು ಸಾಕ್ಷಿ. ಹಳೆಯ ಸಂಗಾತಿಗಳೆಲ್ಲ ಒಂದು ಮನೆಯಲ್ಲಿ ಸೇರಿ, ಕುಡಿದು, ಜಗಳಾಡಿ, ಕುಣಿಯುವ ಕಂತು ಅದು. ಕೊನೆಯ ಫಲಿತಾಂಶದಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಇಲ್ಲ, ಅದಕ್ಕೂ ದುಡ್ಡು ತೆಗೆದುಕೊಂಡರು. ಆದರೂ ಹಿಂದಿನ ವರ್ಷ ಕಂಪನಿಯ ಮೇಲೆ ಮುರಕೊಂಡು ಬಿದ್ದಿದ್ದವರೇ ಅದನ್ನು ಆಡಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಮುಝಿಕಾ ಮತ್ತು ಸಹಸ್ಥಾಪಕ ಗ್ರೆಗ್ ಝೆಸ್ಚುಕ್ ಇಬ್ಬರೂ, 2012ರ ಸೆಪ್ಟೆಂಬರಿನಲ್ಲೇ, ಬಯೋವೇರ್ ಬಿಟ್ಟಿದ್ದರು.

ಆ ಜಗಳ ಮುಂದಿನ ಗೇಮುಗಳನ್ನು ಬಿಡದೆ ಕಾಡಿದೆ. ಮೂರರಲ್ಲಿ ಯಾವ ಅಂತ್ಯ ನಿಜ ಎಂದು ಒಪ್ಪಿಕೊಂಡರೂ ಉಳಿದ ಎರಡನ್ನು ಆರಿಸಿದವರು ಎದ್ದು ಕೂರುತ್ತಾರೆ. 2017ರ ‘ಮಾಸ್ ಎಫೆಕ್ಟ್: ಆ್ಯಂಡ್ರೊಮೆಡಾ’ ಇದಕ್ಕೆ ಹುಡುಕಿದ ಉಪಾಯ ಪಲಾಯನ. ಅದರ ಪಾತ್ರಗಳು ಮೂರನೇ ಭಾಗದ ಯುದ್ಧಕ್ಕೂ ಮೊದಲೇ ಹೊರಟು, 600 ವರ್ಷ ಮಲಗಿದ್ದು, ಬೇರೆ ಗ್ಯಾಲಕ್ಸಿಯಲ್ಲಿ ಕಣ್ಣುಬಿಡುತ್ತವೆ. ಹಿಂದೆ ಏನಾಯಿತೆಂದು ಅವರಿಗೇ ಗೊತ್ತಿಲ್ಲ, ಹಾಗಾಗಿ ನಮಗೂ ಹೇಳಬೇಕಿಲ್ಲ. 2021ರಲ್ಲಿ ಮೂರೂ ಗೇಮುಗಳನ್ನು ಒಟ್ಟುಮಾಡಿ ತಂದ ‘ಲೆಜೆಂಡರಿ ಎಡಿಶನ್’ನಲ್ಲಿ ಪರಿಷ್ಕೃತ ಅಂತ್ಯವೇ ಇದೆ. ಈಗ ಹೊಸದಾಗಿ ಆಡುವ ಹುಡುಗರಿಗೆ ಆ ದಿನಗಳ ಗಲಾಟೆ ಯಾಕೆಂದೇ ಅರ್ಥವಾಗುವುದಿಲ್ಲ.

ಬಯೋವೇರ್‌ನ ಇನ್ನೊಂದು ಸರಣಿ ‘ಡ್ರ್ಯಾಗನ್ ಏಜ್’ ಕೂಡ ಒಂದು ಕಾಲಕ್ಕೆ ಹಳೆಯ ತೀರ್ಮಾನಗಳನ್ನು ಒಂದೊಂದಾಗಿ ಹೊತ್ತು ತರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಬಂದ ಅದರ ನಾಲ್ಕನೇ ಭಾಗ ‘ದಿ ವೇಲ್‌ಗಾರ್ಡ್’ ಶುರುವಿನಲ್ಲಿ ಹಿಂದಿನ ಕಥೆಯ ಬಗ್ಗೆ ಆಟಗಾರರನ್ನು ಕೇಳಿದ್ದು ಮೂರೇ ಪ್ರಶ್ನೆ. ಹೊತ್ತ ಹೊರೆಯನ್ನು ಇಳಿಸಿದ್ದರಲ್ಲಿ ಡೆವಲಪರ್‌ಗಳ ಕಡೆಯಿಂದ ನ್ಯಾಯವಿದೆ, ಮೊದಲೇ ಹೇಳಿದ ಗಣಿತ ಇಲ್ಲಿಗೂ ಅನ್ವಯಿಸುತ್ತದೆ. ಹಳೆಯ ಅಭಿಮಾನಿಗಳಿಗೆ ಮಾತ್ರ ತಾವು ಆಡಿದ ಮೂರು ಗೇಮುಗಳನ್ನು ಯಾರೋ ಗುಡಿಸಿಹಾಕಿದ ಹಾಗೆ ಕಂಡಿತು. ಆ ಗೇಮನ್ನು ಆಡಿದವರು 15 ಲಕ್ಷ, ತಾನು ಎಣಿಸಿದ್ದಕ್ಕಿಂತ ಅರ್ಧದಷ್ಟು ಕಮ್ಮಿ ಎಂದು 2025ರ ಜನವರಿಯಲ್ಲಿ ಇಎ ಹೇಳಿತು. ಅದಾದ ಕೆಲವೇ ದಿನಗಳಲ್ಲಿ ಬಯೋವೇರ್‌ನ ಸಿಬ್ಬಂದಿ ಸಂಖ್ಯೆ ಕುಗ್ಗಿತು. ಉಳಿದವರ ಕೈಯಲ್ಲಿ ಈಗ ಇರುವುದು ಮುಂದಿನ ‘ಮಾಸ್ ಎಫೆಕ್ಟ್’. ಅದು ತೆರೆದ ಮೊದಲ ಪರದೆಯಲ್ಲಿ ಶೆಪರ್ಡ್ ಬಗ್ಗೆ ಎಷ್ಟು ಪ್ರಶ್ನೆ ಕೇಳುತ್ತದೆ ಎಂದು ನೋಡಿಕೊಂಡೇ ಹಳಬರು ಜಗಳ ಶುರುಮಾಡುತ್ತಾರೆ.